ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್ ರಿಪೋರ್ಟ್ ಓದುವುದು ಹೇಗೆ: ಸ್ಯಾಂಪಲ್‌ನಿಂದ ಷರಾದವರೆಗೆ

ಎಪಿಟಿಟಿ, ಅಂದರೆ ಪ್ಲಾಸ್ಮಾ (ಕಣಗಳನ್ನು ಬಿಟ್ಟ ರಕ್ತದ ದ್ರವ) ಟ್ಯೂಬಿನಲ್ಲಿ ಹೆಪ್ಪುಗಟ್ಟಲು ತೆಗೆದುಕೊಳ್ಳುವ ಸಮಯ ಅಳೆಯುವ ಪರೀಕ್ಷೆ, ಉದ್ದವಾಗಿ ಬಂದಿದೆ. ಆದರೆ ರೋಗಿಗೆ ಎಲ್ಲೂ ರಕ್ತಸ್ರಾವವಿಲ್ಲ, ಬದಲಿಗೆ ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದೆ. ಟ್ಯೂಬಿನಲ್ಲಿ ತಡವಾಗಿ ಹೆಪ್ಪುಗಟ್ಟುವ ರಕ್ತವೇ ಮೈಯೊಳಗೆ ಬೇಡದ ಕಡೆ ಹೆಪ್ಪುಗಟ್ಟಿದರೆ ಮೊದಲು ನೆನಪಾಗಬೇಕಾದದ್ದು ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್, ಲ್ಯಾಬಿನ ಮಾತಿನಲ್ಲಿ ಎಲ್ಎ.

ಹೆಸರೇ ದಾರಿ ತಪ್ಪಿಸುವಂಥದ್ದು. 1952ರಲ್ಲಿ ಇದನ್ನು ಮೊದಲು ವರ್ಣಿಸಿದ್ದು ಲೂಪಸ್ (ದೇಹದ ರಕ್ಷಣಾ ವ್ಯವಸ್ಥೆ ತನ್ನ ಮೇಲೆಯೇ ತಿರುಗಿಬೀಳುವ ರೋಗ) ಇದ್ದ ಇಬ್ಬರು ರೋಗಿಗಳಲ್ಲಿ, ಈಗಿನ ಹೆಸರು ಬಂದದ್ದು 1972ರಲ್ಲಿ. ಎಲ್ಎ ಇರುವ ಬಹಳಷ್ಟು ಮಂದಿಗೆ ಲೂಪಸ್ ಇರುವುದೇ ಇಲ್ಲ. ಇನ್ನು ಆ್ಯಂಟಿಕೊಯಾಗ್ಯುಲೆಂಟ್ ಎಂದರೆ ಹೆಪ್ಪು ತಡೆಯುವಂಥದ್ದು. ಅದು ಟ್ಯೂಬಿನ ಮಟ್ಟಿಗೆ ಮಾತ್ರ ನಿಜ. ದೇಹದಲ್ಲಿ ಇದು ರಕ್ತನಾಳಗಳಲ್ಲಿ ಹೆಪ್ಪು ಕಟ್ಟಿಸುತ್ತದೆ, ಗರ್ಭ ನಿಲ್ಲದಂತೆ ಮಾಡುತ್ತದೆ.

ಈ ರಿಪೋರ್ಟಿನ ಮೇಲೆ ಒಬ್ಬರ ಇಡೀ ಬದುಕಿನ ಔಷಧ ನಿರ್ಧಾರವಾಗುತ್ತದೆ. ತಪ್ಪಾಗಿ ಪಾಸಿಟಿವ್ ಎಂದರೆ ರಕ್ತ ತೆಳು ಮಾಡುವ ವಾರ್ಫರಿನ್ ಬೇಡದಿದ್ದರೂ ವರ್ಷಗಟ್ಟಲೆ ನಡೆಯುತ್ತದೆ, ತಪ್ಪಾಗಿ ನೆಗೆಟಿವ್ ಎಂದರೆ ಮುಂದಿನ ಹೆಪ್ಪು ಮಿದುಳಿಗೇ ಹೋಗಬಹುದು. ಹಾಗಾಗಿ ಒಂದೇ ಒಂದು ಅಂಕಿ ನೋಡಿ ತೀರ್ಮಾನಕ್ಕೆ ಬರುವ ಪರೀಕ್ಷೆ ಇದಲ್ಲ. ಮೊದಲು ಪ್ಲಾಸ್ಮಾ ನಂಬಿಕೆಗೆ ಅರ್ಹವೇ ಎಂದು ನೋಡಬೇಕು, ಆಮೇಲೆ ಅಂಕಿಗಳ ವಿನ್ಯಾಸವನ್ನು ಒಟ್ಟಾಗಿ ಓದಬೇಕು.

ಟ್ಯೂಬಿನೊಳಗೆ ಆಗುವುದೇನು

ಹೆಪ್ಪುಗಟ್ಟುವ ಕ್ರಿಯೆಯ ಮುಖ್ಯ ಘಟ್ಟಗಳು ಫಾಸ್ಫೋಲಿಪಿಡ್ ಎಂಬ ಕೊಬ್ಬಿನ ಪದರದ ಮೇಲೆ ನಡೆಯುತ್ತವೆ. ಫ್ಯಾಕ್ಟರ್‌ಗಳು (ಹೆಪ್ಪುಗಟ್ಟಿಸುವ ಪ್ರೋಟೀನ್‌ಗಳು) ಅದರ ಮೇಲೆ ಬಂದು ಕೂತರೆ ಮಾತ್ರ ಕೆಲಸ ಚುರುಕಾಗುತ್ತದೆ. ಎಲ್ಎ ಎಂದರೆ ಬೀಟಾ-2 ಗ್ಲೈಕೋಪ್ರೋಟೀನ್-1 ಅಥವಾ ಪ್ರೋಥ್ರಾಂಬಿನ್ (ಫ್ಯಾಕ್ಟರ್ 2) ಎಂಬ ರಕ್ತದ ಪ್ರೋಟೀನ್‌ಗೆ ಅಂಟಿಕೊಂಡು, ಅದರ ಸಮೇತ ಆ ಪದರದ ಮೇಲೆ ಜಾಗ ಹಿಡಿಯುವ ಆ್ಯಂಟಿಬಾಡಿ. ಪದರವನ್ನು ಚಾಪೆ ಅಂದುಕೊಳ್ಳಿ. ಚಾಪೆ ಚಿಕ್ಕದಿದ್ದು ಆ್ಯಂಟಿಬಾಡಿಗಳು ಮೊದಲೇ ಕೂತುಬಿಟ್ಟರೆ ಫ್ಯಾಕ್ಟರ್‌ಗಳಿಗೆ ಜಾಗವಿಲ್ಲ, ಹೆಪ್ಪುಗಟ್ಟುವುದು ತಡವಾಗುತ್ತದೆ. ದೊಡ್ಡ ಚಾಪೆ ಹಾಸಿದರೆ ಇಬ್ಬರಿಗೂ ಜಾಗವಾಗಿ ಸಮಯ ಮತ್ತೆ ಸರಿಹೋಗುತ್ತದೆ.

ಇಡೀ ಪರೀಕ್ಷೆ ನಿಂತಿರುವುದು ಇದರ ಮೇಲೆಯೇ. ಕಡಿಮೆ ಫಾಸ್ಫೋಲಿಪಿಡ್ ಇರುವ ಸ್ಕ್ರೀನ್ ಪರೀಕ್ಷೆ ಸಮಯ ಉದ್ದವಾಗಿದೆಯೇ ಎಂದು ಕೇಳುತ್ತದೆ. ಆರೋಗ್ಯವಂತರ ಪ್ಲಾಸ್ಮಾ ಬೆರೆಸುವ ಮಿಕ್ಸಿಂಗ್, ಉದ್ದವಾಗಿರುವುದು ಫ್ಯಾಕ್ಟರ್ ಕೊರತೆಯಿಂದಲೋ ತಡೆಯೊಡ್ಡುವ ವಸ್ತುವಿನಿಂದಲೋ ಎಂದು ಕೇಳುತ್ತದೆ. ಹೆಚ್ಚು ಫಾಸ್ಫೋಲಿಪಿಡ್ ಇರುವ ಕನ್ಫರ್ಮ್, ಆ ತಡೆ ಫಾಸ್ಫೋಲಿಪಿಡ್‌ಗೆ ಸಂಬಂಧಿಸಿದ್ದೇ ಎಂದು ಕೇಳುತ್ತದೆ. ಮೂರಕ್ಕೂ ಉತ್ತರ ಸಿಕ್ಕಿ, ಬೇರೆ ಕಾರಣ ಇಲ್ಲವೆಂದು ಖಚಿತವಾದ ಮೇಲೆಯೇ ಎಲ್ಎ ಇದೆ ಎನ್ನಬಹುದು.

ಯಾರಿಗೆ, ಯಾವಾಗ

ಕಾರಣ ತಿಳಿಯದ ಹೆಪ್ಪು ಚಿಕ್ಕ ವಯಸ್ಸಿನಲ್ಲೇ ಕಟ್ಟಿದವರು, ಅಪರೂಪದ ಜಾಗದಲ್ಲಿ ಹೆಪ್ಪು ಕಟ್ಟಿದವರು, ಯೌವನದಲ್ಲೇ ಪಾರ್ಶ್ವವಾಯು ಬಂದವರು, ಮೇಲಿಂದ ಮೇಲೆ ಗರ್ಭಪಾತವಾದವರು, ಲೂಪಸ್ ಇರುವವರು, ಕಾರಣವಿಲ್ಲದೆ ಎಪಿಟಿಟಿ ಉದ್ದ ಬಂದವರು: ಇವರಲ್ಲಿ ಪರೀಕ್ಷೆಗೆ ಅರ್ಥವಿದೆ. ಸುಮ್ಮನೆ ಎಲ್ಲರಿಗೂ ಮಾಡಿಸಿದರೆ ಸುಳ್ಳು ಪಾಸಿಟಿವ್‌ಗಳ ರಾಶಿ ಬೀಳುತ್ತದೆ.

ಹೆಪ್ಪು ಕಟ್ಟಿದ ಮೊದಲ ದಿನಗಳು ಒಳ್ಳೆಯ ಸಮಯವಲ್ಲ. ಆಗ ಫ್ಯಾಕ್ಟರ್ 8 ಏರಿರುತ್ತದೆ, ಅದು ಎಪಿಟಿಟಿಯನ್ನು ಗಿಡ್ಡ ಮಾಡಿ ದುರ್ಬಲ ಎಲ್ಎಯನ್ನು ಮರೆಮಾಡುತ್ತದೆ. ಗರ್ಭಿಣಿಯರಲ್ಲೂ ಹೀಗೇ ಆಗಬಹುದು. ಇದಕ್ಕೆ ವಿರುದ್ಧವಾಗಿ, ಜೋರಾದ ಸೋಂಕು ಅಥವಾ ಉರಿಯೂತದಲ್ಲಿ ರಕ್ತದ ಪ್ರೋಟೀನಾದ ಸಿಆರ್‌ಪಿ ಏರಿದಾಗ ಅದು ಕೆಲವು ಎಪಿಟಿಟಿ ರೀಏಜೆಂಟ್‌ಗಳ (ಪರೀಕ್ಷೆಗೆ ಸೇರಿಸುವ ರಾಸಾಯನಿಕಗಳ) ಫಾಸ್ಫೋಲಿಪಿಡ್‌ಗೆ ಅಂಟಿಕೊಂಡು ಥೇಟ್ ಎಲ್ಎ ಹಾಗೆಯೇ ವರ್ತಿಸುತ್ತದೆ. ಎಪಿಟಿಟಿ ವಿಧಾನ ಮಾತ್ರ ಪಾಸಿಟಿವ್, ಹಾವಿನ ವಿಷ ಬಳಸುವ ಡಿಆರ್‌ವಿವಿಟಿ ನೆಗೆಟಿವ್ ಎಂದು ಬಂದಾಗ ಸಿಆರ್‌ಪಿ ಎಷ್ಟಿತ್ತು ಎಂದು ವಿಚಾರಿಸಿ.

ಹೆಜ್ಜೆ 1: ಸ್ಯಾಂಪಲ್

ಬಹಳಷ್ಟು ತಪ್ಪುಗಳು ಹುಟ್ಟುವುದು ಯಂತ್ರದೊಳಗಲ್ಲ, ಯಂತ್ರಕ್ಕೆ ಹೋಗುವ ಮುನ್ನ. ಅದಕ್ಕೇ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

3.2 ಶೇಕಡ ಸೋಡಿಯಂ ಸಿಟ್ರೇಟ್ (ರಕ್ತ ಟ್ಯೂಬಿನಲ್ಲಿ ಹೆಪ್ಪುಗಟ್ಟದಂತೆ ಹಿಡಿದಿಡುವ ವಸ್ತು) ಇರುವ ಟ್ಯೂಬ್ ಬಳಸಿ. 9 ಭಾಗ ರಕ್ತಕ್ಕೆ 1 ಭಾಗ ಸಿಟ್ರೇಟ್, ಅಂದರೆ 2.7 ಮಿಲಿ ರಕ್ತಕ್ಕೆ 0.3 ಮಿಲಿ. ಗೆರೆಯವರೆಗೆ ತುಂಬದ ಟ್ಯೂಬಿನಲ್ಲಿ ಸಿಟ್ರೇಟ್ ಪಾಲು ಹೆಚ್ಚಾಗಿ ಎಲ್ಲ ಸಮಯಗಳೂ ಸುಳ್ಳಾಗಿ ಉದ್ದವಾಗುತ್ತವೆ. ಹಿಮಾಟೊಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) 55 ಶೇಕಡ ಮೀರಿದವರಲ್ಲಿ ಟ್ಯೂಬ್ ತುಂಬಿದರೂ ಇದೇ ತೊಂದರೆ, ಏಕೆಂದರೆ ಅವರ ರಕ್ತದಲ್ಲಿ ಪ್ಲಾಸ್ಮಾ ಕಡಿಮೆ. ಅವರಿಗೆ ಬೇಕಾದ ಸಿಟ್ರೇಟ್ ಲೆಕ್ಕ ಹೀಗೆ: 0.00185 × (100 − ಹಿಮಾಟೊಕ್ರಿಟ್) × ರಕ್ತದ ಮಿಲಿ. ಹಿಮಾಟೊಕ್ರಿಟ್ 60 ಇದ್ದು 2.7 ಮಿಲಿ ರಕ್ತ ತೆಗೆಯುವುದಾದರೆ 0.2 ಮಿಲಿ ಸಿಟ್ರೇಟ್ ಸಾಕು. ಉಳಿದ 0.1 ಮಿಲಿಯನ್ನು ರಕ್ತ ತೆಗೆಯುವ ಮುನ್ನವೇ ಹೊರಗೆ ತೆಗೆದಿಡಬೇಕು.

ರಕ್ತ ತೆಳು ಮಾಡುವ ಹೆಪಾರಿನ್ ಹರಿಯುವ ಲೈನಿನಿಂದ ರಕ್ತ ತೆಗೆಯಬೇಡಿ. ತೆಗೆದ ಕೂಡಲೇ ಟ್ಯೂಬನ್ನು ನಿಧಾನವಾಗಿ ಮೂರ್ನಾಲ್ಕು ಸಲ ತಲೆಕೆಳಗು ಮಾಡಿ, ಕುಲುಕಬೇಡಿ. ಐಸಿನಲ್ಲಿ ಇಡುವುದೂ ಬೇಡ. ರಕ್ತ ತೆಗೆದ 4 ಗಂಟೆಯೊಳಗೆ ಪ್ಲಾಸ್ಮಾ ಬೇರ್ಪಡಿಸುವ ಕೆಲಸ ಮುಗಿಯಬೇಕು.

ಸೆಂಟ್ರಿಫ್ಯೂಜ್ ಎರಡು ಸಲ. ಮೊದಲ ಸಲ 1,500ರಿಂದ 2,000 ಜಿ ವೇಗದಲ್ಲಿ 15 ನಿಮಿಷ. ಪ್ಲಾಸ್ಟಿಕ್ ಪಿಪೆಟ್‌ನಿಂದ ಮೇಲಿನ ಪ್ಲಾಸ್ಮಾವನ್ನು ಇನ್ನೊಂದು ಪ್ಲಾಸ್ಟಿಕ್ ಟ್ಯೂಬಿಗೆ ತೆಗೆಯಿರಿ. ಬಿಳಿಕಣಗಳ ಪದರದ ಮೇಲೆ ಸುಮಾರು ಅರ್ಧ ಸೆಂಟಿಮೀಟರ್ ಪ್ಲಾಸ್ಮಾ ಅಲ್ಲೇ ಉಳಿಯಲಿ, ಅದರ ಮೇಲೆ ಆಸೆ ಬೇಡ. ಗಾಜಿನ ಟ್ಯೂಬ್ ಬಳಸಿದರೆ ಗಾಜು ತಾಗಿದ್ದಕ್ಕೇ ಹೆಪ್ಪುಗಟ್ಟುವ ಕ್ರಿಯೆ ಶುರುವಾಗುತ್ತದೆ. ಎರಡನೆಯ ಸಲ 2,500 ಜಿಗಿಂತ ಹೆಚ್ಚು ವೇಗದಲ್ಲಿ 10 ನಿಮಿಷ. ಈ ಸಲವೂ ತಳದ ಒಂದಿಷ್ಟು ಪ್ಲಾಸ್ಮಾ ಬಿಟ್ಟು ಮೇಲಿನದನ್ನು ತೆಗೆಯಿರಿ. ಉಳಿದ ಪ್ಲೇಟ್‌ಲೆಟ್ ಮೈಕ್ರೋಲೀಟರಿಗೆ 10,000ಕ್ಕಿಂತ ಕಡಿಮೆ ಇರಬೇಕು. ನಿಮ್ಮ ಸೆಂಟ್ರಿಫ್ಯೂಜ್ ಈ ಮಟ್ಟ ಮುಟ್ಟುತ್ತಿದೆಯೇ ಎಂದು ಪ್ಲಾಸ್ಮಾವನ್ನೇ ಸೆಲ್ ಕೌಂಟರ್‌ಗೆ ಹಾಕಿ ಆಗಾಗ ನೋಡುತ್ತಿರಿ.

ಇಷ್ಟು ಪಾಡು ಏಕೆಂದರೆ ಪ್ಲೇಟ್‌ಲೆಟ್‌ನ ಹೊರಪೊರೆಯೂ ಫಾಸ್ಫೋಲಿಪಿಡೇ. ಪ್ಲೇಟ್‌ಲೆಟ್ ಉಳಿದ ಪ್ಲಾಸ್ಮಾವನ್ನು ಫ್ರೀಜ್ ಮಾಡಿ ಕರಗಿಸಿದಾಗ ಅವು ಒಡೆದು ಪೊರೆಯ ಚೂರುಗಳು ಪ್ಲಾಸ್ಮಾದಲ್ಲಿ ತೇಲುತ್ತವೆ. ದೊಡ್ಡ ಚಾಪೆಯನ್ನು ನಾವೇ ಹಾಸಿಕೊಟ್ಟಂತೆ ಆಯಿತು. ದುರ್ಬಲ ಎಲ್ಎ ಅಲ್ಲೇ ಕಣ್ಮರೆಯಾಗುತ್ತದೆ, ರಿಪೋರ್ಟ್ ನೆಗೆಟಿವ್ ಎಂದು ಹೋಗುತ್ತದೆ, ತಪ್ಪು ಯಾರ ಗಮನಕ್ಕೂ ಬರುವುದಿಲ್ಲ.

ಫ್ರೀಜ್ ಮಾಡುವುದಾದರೆ ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 70 ಡಿಗ್ರಿ ಅಥವಾ ಅದಕ್ಕೂ ಕಡಿಮೆಯಲ್ಲಿಡಿ. ಕರಗಿಸುವುದು 37 ಡಿಗ್ರಿ ನೀರಿನಲ್ಲಿ, ಸುಮಾರು 5 ನಿಮಿಷ. ಫ್ರಿಜ್‌ನಲ್ಲೋ ಮೇಜಿನ ಮೇಲೋ ನಿಧಾನವಾಗಿ ಕರಗಲು ಬಿಟ್ಟರೆ ಫೈಬ್ರಿನೋಜನ್ ಮತ್ತು ಫ್ಯಾಕ್ಟರ್ 8 ತಳದಲ್ಲಿ ಗಸಿಯಾಗಿ ಕೂರುತ್ತವೆ. ಕರಗಿದ ಮೇಲೆ ಚೆನ್ನಾಗಿ ಬೆರೆಸಿ, ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡಬೇಡಿ.

ಹೆಜ್ಜೆ 2: ರೋಗಿ ಏನು ತೆಗೆದುಕೊಳ್ಳುತ್ತಿದ್ದಾರೆ?

ರಿಕ್ವೆಸ್ಟ್ ಫಾರ್ಮಿನಲ್ಲಿ ರಕ್ತ ತೆಳು ಮಾಡುವ ಔಷಧದ ಕಾಲಂ ಖಾಲಿ ಇದ್ದರೆ ಔಷಧ ಇಲ್ಲವೆಂದು ಅರ್ಥವಲ್ಲ. ಯಾರೂ ಕೇಳಿಲ್ಲ ಎಂದಷ್ಟೇ ಅರ್ಥ. ಫೋನ್ ಮಾಡಿ ಕೇಳಿ: ಔಷಧದ ಹೆಸರೇನು, ಕೊನೆಯ ಡೋಸ್ ಎಷ್ಟು ಗಂಟೆಗೆ?

ಹೇಳಿದ್ದನ್ನು ನಂಬಿ ಸುಮ್ಮನಿರುವುದೂ ಬೇಡ. ಎಲ್ಎ ಪರೀಕ್ಷೆಗೆ ಮುನ್ನ ಅದೇ ಪ್ಲಾಸ್ಮಾದಲ್ಲಿ ಹೆಪ್ಪುಗಟ್ಟುವ ಸಮಯದ ಮೂರು ಪರೀಕ್ಷೆ ಮಾಡಿ: ಪಿಟಿ-ಐಎನ್ಆರ್ (ಪಿಟಿಯ ಸಮಯವನ್ನು ಎಲ್ಲ ಲ್ಯಾಬಿಗೂ ಹೊಂದುವಂತೆ ಮಾಡಿದ ಅಂಕಿಯೇ ಐಎನ್ಆರ್), ಸಾಮಾನ್ಯ ಎಪಿಟಿಟಿ ಮತ್ತು ಥ್ರಾಂಬಿನ್ ಟೈಮ್. ಐಎನ್ಆರ್ ಏರಿದ್ದರೆ ವಾರ್ಫರಿನ್, ಲಿವರ್ ತೊಂದರೆ ಅಥವಾ ವಿಟಮಿನ್ ಕೆ ಕೊರತೆ ಇರಬಹುದು. ಥ್ರಾಂಬಿನ್ ಟೈಮ್ ಉದ್ದವಿದ್ದರೆ ಹೆಪಾರಿನ್ ಅಥವಾ ಡಾಬಿಗಾಟ್ರಾನ್ ಇರಬಹುದು, ಫೈಬ್ರಿನೋಜನ್ ತೀರಾ ಕಡಿಮೆ ಇದ್ದರೂ ಹೀಗಾಗುತ್ತದೆ. ಡಾಬಿಗಾಟ್ರಾನ್ ಸ್ವಲ್ಪವೇ ಇದ್ದರೂ ಥ್ರಾಂಬಿನ್ ಟೈಮ್ ಬೆಟ್ಟದಷ್ಟು ಏರುತ್ತದೆ. ರಕ್ತ ತೆಳು ಮಾಡುವ ಇನ್ನೆರಡು ಔಷಧಗಳಾದ ರಿವರೋಕ್ಸಬಾನ್, ಅಪಿಕ್ಸಬಾನ್ ಮಾತ್ರ ಥ್ರಾಂಬಿನ್ ಟೈಮ್‌ನಲ್ಲಿ ಸಿಗುವುದಿಲ್ಲ. ಅವನ್ನು ಹಿಡಿಯಲು, ಸಕ್ರಿಯವಾದ ಫ್ಯಾಕ್ಟರ್ 10ನ್ನು ಔಷಧ ಎಷ್ಟು ತಡೆಯುತ್ತಿದೆ ಎಂದು ಅಳೆಯುವ ಆ್ಯಂಟಿ-10ಎ ಪರೀಕ್ಷೆ ಬೇಕು.

ಇನ್ನೊಂದು ಮಾತು. ಸಾಮಾನ್ಯ ಎಪಿಟಿಟಿ ನಾರ್ಮಲ್ ಬಂದಿದೆಯೆಂದು ಎಲ್ಎ ಪರೀಕ್ಷೆ ಕೈಬಿಡಬೇಡಿ. ದಿನನಿತ್ಯದ ಕೆಲವು ಎಪಿಟಿಟಿ ರೀಏಜೆಂಟ್‌ಗಳಲ್ಲಿ ಫಾಸ್ಫೋಲಿಪಿಡ್ ಧಾರಾಳವಾಗಿರುತ್ತದೆ, ಎಲ್ಎ ಅದರಲ್ಲಿ ಕಾಣಿಸದೇ ಹೋಗಬಹುದು.

ಹೆಜ್ಜೆ 3: ಸ್ಕ್ರೀನ್

ಎರಡು ಬೇರೆ ಬೇರೆ ತತ್ವದ ಪರೀಕ್ಷೆಗಳು ಬೇಕು. ಅಂತರರಾಷ್ಟ್ರೀಯ ಥ್ರಾಂಬೋಸಿಸ್ ಮತ್ತು ಹಿಮೋಸ್ಟಾಸಿಸ್ ಸೊಸೈಟಿಯ 2009 ಮತ್ತು 2020ರ ಮಾರ್ಗಸೂಚಿಗಳು ಎರಡೂ ಸೂಚಿಸುವ ಜೋಡಿ ಇದು: ಡಿಆರ್‌ವಿವಿಟಿ, ಮತ್ತು ಫಾಸ್ಫೋಲಿಪಿಡ್ ಕಡಿಮೆ ಇದ್ದು ಸಿಲಿಕಾ ಬಳಸುವ ಎಪಿಟಿಟಿ.

ಡಿಆರ್‌ವಿವಿಟಿಯಲ್ಲಿ ಬಳಸುವುದು ಕೊಳಕುಮಂಡಲ ಹಾವಿನ ವಿಷ. ಅದು ನೇರವಾಗಿ ಫ್ಯಾಕ್ಟರ್ 10ನ್ನು ಎಬ್ಬಿಸುತ್ತದೆ, ಮೇಲಿನ ಮೆಟ್ಟಿಲುಗಳನ್ನು ಮುಟ್ಟುವುದೇ ಇಲ್ಲ. ಹಾಗಾಗಿ ಫ್ಯಾಕ್ಟರ್ 8, 9, 11, 12ರ ಕೊರತೆಯಾಗಲಿ, ಫ್ಯಾಕ್ಟರ್ 8ರ ಇನ್ಹಿಬಿಟರ್ (ಅದನ್ನು ತಡೆಯುವ ಆ್ಯಂಟಿಬಾಡಿ) ಆಗಲಿ ಇದನ್ನು ಕೆಡಿಸುವುದಿಲ್ಲ. ಫ್ಯಾಕ್ಟರ್ 10, 5, 2 ಮತ್ತು ಫೈಬ್ರಿನೋಜನ್ ಕಡಿಮೆಯಾದರೆ ಮಾತ್ರ ಉದ್ದವಾಗುತ್ತದೆ. ಎಪಿಟಿಟಿ ಇದಕ್ಕೆ ಪೂರಕ, ಏಕೆಂದರೆ ಕೆಲವು ಎಲ್ಎ ಒಂದರಲ್ಲಿ ಸಿಕ್ಕಿದರೆ ಕೆಲವು ಇನ್ನೊಂದರಲ್ಲಿ ಸಿಗುತ್ತವೆ. ಎರಡರಲ್ಲಿ ಯಾವುದಾದರೂ ಒಂದು ಸರಿಯಾಗಿ ಪಾಸಿಟಿವ್ ಆದರೆ ಸಾಕು. ಆದರೆ ಮೂರನೆಯದು, ನಾಲ್ಕನೆಯದು ಎಂದು ಸೇರಿಸುತ್ತಾ ಹೋಗಬೇಡಿ. ಕಟ್-ಆಫ್ ಎಂದರೆ ನೂರು ಆರೋಗ್ಯವಂತರಲ್ಲಿ 99 ಮಂದಿ ಯಾವ ಗೆರೆಯ ಕೆಳಗೆ ಬರುತ್ತಾರೋ ಆ ಗೆರೆ. ಪ್ರತಿ ಪರೀಕ್ಷೆಯೂ ನೂರರಲ್ಲಿ ಒಬ್ಬ ಆರೋಗ್ಯವಂತರನ್ನು ಗೆರೆ ದಾಟಿಸುತ್ತದೆ, ಪರೀಕ್ಷೆ ಹೆಚ್ಚಿದಷ್ಟೂ ಸುಳ್ಳು ಪಾಸಿಟಿವ್ ಹೆಚ್ಚುತ್ತದೆ.

ಸೆಕೆಂಡುಗಳನ್ನು ಹಾಗೆಯೇ ಓದಬೇಡಿ. ಅದೇ ದಿನ, ಅದೇ ಯಂತ್ರದಲ್ಲಿ, ಅದೇ ರೀಏಜೆಂಟ್‌ನಿಂದ ನಾರ್ಮಲ್ ಪೂಲ್ ಪ್ಲಾಸ್ಮಾವನ್ನೂ (ಹಲವು ಆರೋಗ್ಯವಂತರ ಪ್ಲಾಸ್ಮಾ ಒಟ್ಟುಸೇರಿಸಿದ್ದು) ಓಡಿಸಿ, ರೋಗಿಯ ಸಮಯವನ್ನು ಅದರಿಂದ ಭಾಗಿಸಿ ರೇಶಿಯೋ ಮಾಡಿ. ಬಹಳ ಕಡೆ 1.20 ಎಂಬ ಕಟ್-ಆಫ್ ಓಡಾಡುತ್ತದೆ. ಅದನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಬೇಡಿ. ರೀಏಜೆಂಟ್, ಯಂತ್ರ ಬದಲಾದರೆ ಗೆರೆಯೂ ಬದಲಾಗುತ್ತದೆ. ಹೊಸದಾಗಿ ಗೆರೆ ಎಳೆಯಲು ಕನಿಷ್ಠ 120 ಆರೋಗ್ಯವಂತರ ಪ್ಲಾಸ್ಮಾ ಬೇಕು. ಅಷ್ಟು ಮಂದಿ ಸಿಗದ ಲ್ಯಾಬ್, ತಯಾರಕರ ಗೆರೆಯನ್ನು ತನ್ನಲ್ಲಿನ ಕೆಲವು ಆರೋಗ್ಯವಂತರ ಪ್ಲಾಸ್ಮಾದಲ್ಲಿ ಪರಿಶೀಲಿಸಿಯಾದರೂ ಬಳಸಬೇಕು.

ಹೆಜ್ಜೆ 4: ಮಿಕ್ಸಿಂಗ್

ರೋಗಿಯ ಪ್ಲಾಸ್ಮಾ ಒಂದು ಪಾಲು, ನಾರ್ಮಲ್ ಪೂಲ್ ಒಂದು ಪಾಲು. 200 ಮೈಕ್ರೋಲೀಟರ್‌ಗೆ 200 ಎಂದಿಟ್ಟುಕೊಳ್ಳಿ. ಬೆರೆಸಿ, ಕಾಯಿಸದೆ ಅರ್ಧ ಗಂಟೆಯೊಳಗೆ ಸ್ಕ್ರೀನ್ ರೀಏಜೆಂಟ್‌ನಲ್ಲೇ ಓಡಿಸಿ. ಫ್ಯಾಕ್ಟರ್ ಕೊರತೆಯಾಗಿದ್ದರೆ ಅರ್ಧದಷ್ಟು ಫ್ಯಾಕ್ಟರ್ ಸೇರಿದ್ದರಿಂದ ಸಮಯ ಸರಿಹೋಗುತ್ತದೆ. ಎಲ್ಎ ಆಗಿದ್ದರೆ ಬೆರೆಸಿದ ಪ್ಲಾಸ್ಮಾವೂ ಉದ್ದವೇ ಉಳಿಯುತ್ತದೆ. ಕೆಲವೊಮ್ಮೆ ಮಿಶ್ರಣದ ಸಮಯ ರೋಗಿಯ ಸಮಯಕ್ಕಿಂತಲೂ ಉದ್ದ ಬರುತ್ತದೆ. ಯಂತ್ರ ಕೆಟ್ಟಿತೆಂದು ಗಾಬರಿ ಬೇಡ, ಇದು ಎಲ್ಎಯ ಕೋಫ್ಯಾಕ್ಟರ್ ಪರಿಣಾಮ, ಅಂದರೆ ಪೂಲ್ ಪ್ಲಾಸ್ಮಾದ ಪ್ರೋಟೀನ್ ಸೇರಿ ಎಲ್ಎಯ ತಡೆ ಹೆಚ್ಚಾಗುವುದು.

"ಸರಿಹೋಯಿತು" ಎನ್ನಲು ಅಳತೆಗೋಲು ಬೇಕು. ಒಂದು ದಾರಿ, ಮಿಶ್ರಣಕ್ಕೇ ಪ್ರತ್ಯೇಕವಾಗಿ ಕಂಡುಕೊಂಡ ಕಟ್-ಆಫ್. ಸ್ಕ್ರೀನ್‌ನ ಗೆರೆಯನ್ನೇ ಮಿಶ್ರಣಕ್ಕೂ ಹಾಕಿದರೆ ದುರ್ಬಲ ಎಲ್ಎ ತಪ್ಪಿಹೋಗುತ್ತದೆ. ಇನ್ನೊಂದು ದಾರಿ ರೋಸ್ನರ್ ಇಂಡೆಕ್ಸ್: ಮಿಶ್ರಣದ ಸಮಯದಿಂದ ನಾರ್ಮಲ್ ಪೂಲ್ ಸಮಯ ಕಳೆದು, ರೋಗಿಯ ಸಮಯದಿಂದ ಭಾಗಿಸಿ, 100ರಿಂದ ಗುಣಿಸಿ. ಹಿಂದಿನಿಂದ ಬಂದ ಗೆರೆ 15. ಇಲ್ಲೂ ನಿಮ್ಮ ಲ್ಯಾಬಿನ ಗೆರೆಯೇ ಸರಿಯಾದದ್ದು.

ಮಿಕ್ಸಿಂಗ್‌ನ ದೌರ್ಬಲ್ಯ ಅದರ ಸ್ವಭಾವದಲ್ಲೇ ಇದೆ. ಬೆರೆಸಿದಾಗ ಆ್ಯಂಟಿಬಾಡಿಯೂ ಅರ್ಧಕ್ಕೆ ಇಳಿಯುತ್ತದೆ. ಹೀಗಾಗಿ ಸ್ಕ್ರೀನ್ ಉದ್ದ, ಮಿಕ್ಸಿಂಗ್ ಸರಿಹೋಗಿದೆ, ಕನ್ಫರ್ಮ್ ಮಾತ್ರ ಸ್ಪಷ್ಟ ಪಾಸಿಟಿವ್ ಎಂಬ ಚಿತ್ರ ಬರಬಹುದು. ಪಿಟಿ, ಥ್ರಾಂಬಿನ್ ಟೈಮ್ ನಾರ್ಮಲ್ ಇದ್ದು ಯಾವ ಔಷಧವೂ ಇಲ್ಲದಿದ್ದರೆ ಇದನ್ನು ಎಲ್ಎ ಎಂದೇ ಓದಬಹುದು. ವಾರ್ಫರಿನ್ ಇದ್ದರೆ ಹಾಗೆ ಓದುವಂತಿಲ್ಲ. ನಾರ್ಮಲ್ ಪೂಲ್‌ನಲ್ಲೇ ಪ್ಲೇಟ್‌ಲೆಟ್ ಉಳಿದಿದ್ದರೂ ಇದೇ ಸುಳ್ಳು ಸರಿಹೋಗುವಿಕೆ ಕಾಣುತ್ತದೆ. ಪೂಲ್ ಪ್ಲಾಸ್ಮಾ ಲ್ಯಾಬಿನಲ್ಲೇ ತಯಾರಾಗಿದ್ದರೆ ಅದಕ್ಕೂ ಎರಡು ಸಲದ ಸೆಂಟ್ರಿಫ್ಯೂಜ್ ಆಗಿದೆಯೇ ನೋಡಿ.

ಹೆಜ್ಜೆ 5: ಕನ್ಫರ್ಮ್, ಮತ್ತು ಒಂದು ಪೂರ್ತಿ ಲೆಕ್ಕ

ಕನ್ಫರ್ಮ್ ರೀಏಜೆಂಟ್‌ನಲ್ಲೂ ರೋಗಿಯ ಪ್ಲಾಸ್ಮಾ, ನಾರ್ಮಲ್ ಪೂಲ್ ಎರಡನ್ನೂ ಓಡಿಸಿ. ತತ್ವವೇ ಬೇರೆಯಾದ್ದರಿಂದ ಡಿಆರ್‌ವಿವಿಟಿ ಸ್ಕ್ರೀನ್‌ಗೆ ಡಿಆರ್‌ವಿವಿಟಿ ಕನ್ಫರ್ಮ್, ಎಪಿಟಿಟಿಗೆ ಎಪಿಟಿಟಿ ಕನ್ಫರ್ಮ್. ಅಡ್ಡಹಾಯಿಸಬೇಡಿ. ಉದಾಹರಣೆಗೆ, ಔಷಧ ಇಲ್ಲದ ಒಬ್ಬರ ಡಿಆರ್‌ವಿವಿಟಿ:

ಸ್ಕ್ರೀನ್: ರೋಗಿ 62 ಸೆಕೆಂಡು, ಪೂಲ್ 38. ರೇಶಿಯೋ 1.63.
ಮಿಕ್ಸಿಂಗ್: 50 ಸೆಕೆಂಡು. ರೇಶಿಯೋ 1.32. ರೋಸ್ನರ್ ಇಂಡೆಕ್ಸ್ (50 − 38) ÷ 62 × 100 = 19.4.
ಕನ್ಫರ್ಮ್: ರೋಗಿ 36, ಪೂಲ್ 32. ರೇಶಿಯೋ 1.13.
ಸ್ಕ್ರೀನ್ ರೇಶಿಯೋ ÷ ಕನ್ಫರ್ಮ್ ರೇಶಿಯೋ = 1.45.

ಸ್ಕ್ರೀನ್ ಉದ್ದವಿದೆ, ಬೆರೆಸಿದರೂ ಸರಿಹೋಗಿಲ್ಲ, ಫಾಸ್ಫೋಲಿಪಿಡ್ ಹೆಚ್ಚಿಸಿದ ಕೂಡಲೇ ಇಳಿದಿದೆ. ಶೇಕಡಾವಾರು ಲೆಕ್ಕದಲ್ಲಿ ಹೇಳುವುದಾದರೆ ಸ್ಕ್ರೀನ್ ರೇಶಿಯೋ 31 ಶೇಕಡ ತಗ್ಗಿದೆ. ಎಲ್ಎ ಪಾಸಿಟಿವ್. ಇಲ್ಲಿ ಕನ್ಫರ್ಮ್ ರೇಶಿಯೋ ಪೂರ್ತಿ 1.00ಕ್ಕೆ ಇಳಿದಿಲ್ಲ, ಇಳಿಯಲೇಬೇಕೆಂದೂ ಇಲ್ಲ. ತುಂಬಾ ಪ್ರಬಲ ಎಲ್ಎ ಕನ್ಫರ್ಮ್ ಸಮಯವನ್ನೂ ಸ್ವಲ್ಪ ಎಳೆಯುತ್ತದೆ. ನೋಡಬೇಕಾದ್ದು ಸ್ಕ್ರೀನ್ ಮತ್ತು ಕನ್ಫರ್ಮ್ ನಡುವಿನ ಅಂತರ.

ಕಲಸುಮೇಲೋಗರವಾಗುವ ಚಿತ್ರಗಳು

ವಾರ್ಫರಿನ್ ಮೇಲಿರುವವರು, ಐಎನ್ಆರ್ 2.6. ಸ್ಕ್ರೀನ್ 70 ಸೆಕೆಂಡು, ರೇಶಿಯೋ 1.84. ಮಿಕ್ಸಿಂಗ್ 42 ಸೆಕೆಂಡು, ರೇಶಿಯೋ 1.11. ಕನ್ಫರ್ಮ್ 55 ಸೆಕೆಂಡು, ರೇಶಿಯೋ 1.72. ಸ್ಕ್ರೀನ್ ಮತ್ತು ಕನ್ಫರ್ಮ್ ಎರಡೂ ಕೈಕೈ ಹಿಡಿದು ಏರಿವೆ, ಒಂದನ್ನು ಇನ್ನೊಂದರಿಂದ ಭಾಗಿಸಿದರೆ 1.07. ಬೆರೆಸಿದರೆ ಸರಿಹೋಗುತ್ತಿದೆ. ಇದು ಫ್ಯಾಕ್ಟರ್ 2 ಮತ್ತು 10ರ ಕೊರತೆ, ವಾರ್ಫರಿನ್‌ನ ಕೆಲಸ. ಆದರೂ "ಎಲ್ಎ ಇಲ್ಲ" ಎಂದು ಬರೆಯಬಾರದು. ದುರ್ಬಲ ಎಲ್ಎ ಈ ಗದ್ದಲದಲ್ಲಿ ಅಡಗಿರಬಹುದು.

ರಿವರೋಕ್ಸಬಾನ್ ಇದಕ್ಕಿಂತ ಅಪಾಯಕಾರಿ, ಏಕೆಂದರೆ ಅದು ಎಲ್ಎ ವೇಷ ಹಾಕಿಕೊಂಡೇ ಬರುತ್ತದೆ. ಸ್ಕ್ರೀನ್ 66 ಸೆಕೆಂಡು (1.74), ಮಿಕ್ಸಿಂಗ್ 53 (1.39), ಕನ್ಫರ್ಮ್ 42 (1.31), ಅನುಪಾತ 1.32. ಮೂರೂ ಹೆಜ್ಜೆ ಪಾಸಿಟಿವ್! ಔಷಧ ಗೊತ್ತಿಲ್ಲದವರು ಇದಕ್ಕೆ ಎಲ್ಎ ಎಂದು ಸಹಿ ಹಾಕಿಬಿಡುತ್ತಾರೆ. ಈ ಔಷಧ ಸ್ಕ್ರೀನನ್ನು ಕನ್ಫರ್ಮ್‌ಗಿಂತ ಹೆಚ್ಚು ಉದ್ದ ಮಾಡುತ್ತದೆ, ಬೆರೆಸಿದ ಪ್ಲಾಸ್ಮಾದಲ್ಲೂ ತನ್ನ ಕೆಲಸ ಮುಂದುವರಿಸುತ್ತದೆ. ಮುಂದಿನ ಡೋಸ್‌ಗೆ ಸ್ವಲ್ಪ ಮುನ್ನ, ಔಷಧ ಅತಿ ಕಡಿಮೆ ಇರುವ ಹೊತ್ತಿನಲ್ಲಿ ತೆಗೆದ ಸ್ಯಾಂಪಲ್‌ನಲ್ಲೂ ಹೀಗಾಗಬಹುದು. ಅದೇ ಪ್ಲಾಸ್ಮಾದಿಂದ ಔಷಧ ಹೀರಿ ತೆಗೆದ ಮೇಲೆ ಸ್ಕ್ರೀನ್ 41 ಸೆಕೆಂಡಿಗೆ, ಅಂದರೆ 1.08ಕ್ಕೆ ಇಳಿದರೆ ವೇಷ ಕಳಚಿದಂತೆ.

ಮೂರನೆಯದರಲ್ಲಿ ಎಡವಿದರೆ ಪ್ರಾಣಕ್ಕೇ ಕುತ್ತು. ವಯಸ್ಸಾದವರೊಬ್ಬರ ಎಪಿಟಿಟಿ 85 ಸೆಕೆಂಡು, ಮೈಮೇಲೆಲ್ಲ ನೀಲಿಗಟ್ಟಿದೆ. ಬೆರೆಸಿದ ತಕ್ಷಣ 45 ಸೆಕೆಂಡು, 37 ಡಿಗ್ರಿಯಲ್ಲಿ 2 ಗಂಟೆ ಇಟ್ಟ ಮೇಲೆ 72. ಡಿಆರ್‌ವಿವಿಟಿ ನಾರ್ಮಲ್. ಇದು ಎಲ್ಎ ಅಲ್ಲ, ಫ್ಯಾಕ್ಟರ್ 8ರ ಇನ್ಹಿಬಿಟರ್. ಎಲ್ಎ ಬೆರೆಸಿದ ಕ್ಷಣದಲ್ಲೇ ಕೆಲಸ ಮಾಡುತ್ತದೆ, ಫ್ಯಾಕ್ಟರ್ 8ರ ಇನ್ಹಿಬಿಟರ್‌ಗೆ ಸಮಯವೂ ಬಿಸಿಯೂ ಬೇಕು. ಹೋಲಿಕೆಗೆ ರೋಗಿಯ ಪ್ಲಾಸ್ಮಾ ಮತ್ತು ಪೂಲ್ ಪ್ಲಾಸ್ಮಾವನ್ನು ಬೇರೆ ಬೇರೆಯಾಗಿ 2 ಗಂಟೆ ಕಾಯಿಸಿ, ಆಮೇಲೆ ಬೆರೆಸಿ ಕೂಡಲೇ ಓಡಿಸಿ. ಒಟ್ಟಿಗೆ ಕಾಯಿಸಿದ್ದು ಇದಕ್ಕಿಂತ ಗಣನೀಯವಾಗಿ ಉದ್ದವಿದ್ದರೆ ಸಮಯಕ್ಕೆ ತಕ್ಕಂತೆ ಬಲಿಯುವ ಇನ್ಹಿಬಿಟರ್ ಎಂದು ಅರ್ಥ. ಇಂಥವರನ್ನು ಎಲ್ಎ ಎಂದು ತಿಳಿದು ಹೆಪಾರಿನ್ ಕೊಟ್ಟರೆ ಏನಾದೀತು ಎಂದು ಯೋಚಿಸಿ. ರಕ್ತಸ್ರಾವವಿದ್ದು ಎಪಿಟಿಟಿ ಉದ್ದವಿದ್ದರೆ ಅವತ್ತೇ ಫ್ಯಾಕ್ಟರ್ 8 ಅಳೆಯಬೇಕು.

ಫ್ಯಾಕ್ಟರ್ ಅಳೆಯುವಾಗಲೂ ಎಲ್ಎ ತನ್ನ ಗುರುತು ಬಿಡುತ್ತದೆ. ಎಪಿಟಿಟಿ ಆಧಾರಿತ ವಿಧಾನದಲ್ಲಿ ಫ್ಯಾಕ್ಟರ್ 8, 9, 11, 12 ಎಲ್ಲವೂ ಒಟ್ಟಿಗೆ ಕಡಿಮೆಯಂತೆ ಕಾಣುತ್ತವೆ, ಪ್ಲಾಸ್ಮಾವನ್ನು ಹೆಚ್ಚು ಹೆಚ್ಚು ತೆಳುಮಾಡಿದಂತೆ ಏರುತ್ತಾ ಹೋಗುತ್ತವೆ. ಹತ್ತು ಪಟ್ಟು ತೆಳುಮಾಡಿದಾಗ 30 ಶೇಕಡ, ಇಪ್ಪತ್ತು ಪಟ್ಟಿಗೆ 45, ನಲವತ್ತು ಪಟ್ಟಿಗೆ 70 ಎಂಬಂತೆ. ನಿಜವಾದ ಕೊರತೆಯಲ್ಲಿ ಮೂರೂ ಒಂದೇ ಅಂಕಿಗೆ ಬಂದು ನಿಲ್ಲುತ್ತವೆ.

ಎಲ್ಎ ಇದ್ದೂ ಪಿಟಿ ಉದ್ದವಾಗಿ ರಕ್ತಸ್ರಾವವಾಗುತ್ತಿದ್ದರೆ ಪ್ರೋಥ್ರಾಂಬಿನ್ ಮಟ್ಟ ನೋಡಿ. ಅಪರೂಪಕ್ಕೆ ಆ್ಯಂಟಿಬಾಡಿಯೇ ಪ್ರೋಥ್ರಾಂಬಿನನ್ನು ರಕ್ತದಿಂದ ಖಾಲಿ ಮಾಡಿರುತ್ತದೆ.

ಔಷಧದ ಮೇಲಿರುವವರಿಗೆ ಏನು ಮಾಡಬಹುದು

ಪರೀಕ್ಷೆಗೋಸ್ಕರ ಔಷಧ ನಿಲ್ಲಿಸುವ ನಿರ್ಧಾರ ಚಿಕಿತ್ಸೆ ಕೊಡುವ ವೈದ್ಯರದ್ದು. ಲ್ಯಾಬಾಗಲಿ ರೋಗಿಯಾಗಲಿ ಸ್ವಂತವಾಗಿ ನಿಲ್ಲಿಸುವಂತಿಲ್ಲ. ಒಂದು ವಾರದ ಬಿಡುವಿನಲ್ಲೂ ಹೆಪ್ಪು ಕಟ್ಟಬಹುದು.

ಸಾಧ್ಯವಾದರೆ ಔಷಧ ಶುರುವಾಗುವ ಮುನ್ನವೇ ಸ್ಯಾಂಪಲ್ ತೆಗೆದು ಫ್ರೀಜ್ ಮಾಡಿಡಿ. ಹೆಪಾರಿನ್ ಇದ್ದಾಗ ರೀಏಜೆಂಟ್ ಪೊಟ್ಟಣದೊಳಗಿನ ಹಾಳೆ ಓದಿ: ಬಹಳಷ್ಟು ಡಿಆರ್‌ವಿವಿಟಿ ರೀಏಜೆಂಟ್‌ಗಳಲ್ಲಿ ಹೆಪಾರಿನ್ ಅಡಗಿಸುವ ವಸ್ತು ಇರುತ್ತದೆ, ಸಾಮಾನ್ಯವಾಗಿ ಮಿಲಿಗೆ 0.8ರಿಂದ 1.0 ಯೂನಿಟ್‌ವರೆಗೆ. ಆ್ಯಂಟಿ-10ಎ ಅದಕ್ಕಿಂತ ಮೇಲಿದ್ದರೆ ಫಲಿತಾಂಶ ನಂಬಬೇಡಿ. ಎಪಿಟಿಟಿ ರೀಏಜೆಂಟ್‌ಗಳಲ್ಲಿ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಕಡಿಮೆ ಅಣುತೂಕದ ಹೆಪಾರಿನ್ ಚುಚ್ಚಿಸಿಕೊಳ್ಳುವವರಲ್ಲಿ ಕೊನೆಯ ಡೋಸ್ ಆಗಿ ಕನಿಷ್ಠ 12 ಗಂಟೆ ಬಿಟ್ಟು ರಕ್ತ ತೆಗೆಯಿರಿ.

ವಾರ್ಫರಿನ್ ಮೇಲಿರುವವರಲ್ಲಿ ಐಎನ್ಆರ್ 1.5ಕ್ಕಿಂತ ಕಡಿಮೆ ಇದ್ದರೆ ಪ್ಲಾಸ್ಮಾವನ್ನು ಹಾಗೆಯೇ ಪರೀಕ್ಷಿಸಬಹುದು. 1.5ರಿಂದ 3.0ರ ನಡುವೆ ಪೂಲ್ ಪ್ಲಾಸ್ಮಾ ಜೊತೆ ಸಮ ಪಾಲು ಬೆರೆಸಿ ಸ್ಕ್ರೀನ್, ಕನ್ಫರ್ಮ್ ಎರಡನ್ನೂ ಮಾಡುವ ರೂಢಿ ಇದೆ. ಪಾಸಿಟಿವ್ ಬಂದರೆ ಅದಕ್ಕೆ ಸ್ವಲ್ಪ ತೂಕ ಕೊಡಬಹುದು, ನೆಗೆಟಿವ್ ಬಂದರೆ ಏನೂ ಹೇಳಲಾಗುವುದಿಲ್ಲ. 3.0 ಮೀರಿದರೆ ಕೈಬಿಡಿ. ಸೌಲಭ್ಯವಿರುವ ಕಡೆ ತೈಪಾನ್ ಹಾವಿನ ವಿಷ ಮತ್ತು ಎಕಾರಿನ್ (ಇನ್ನೊಂದು ಹಾವಿನ ವಿಷದಿಂದ ತೆಗೆದ ವಸ್ತು) ಜೋಡಿ ಒಳ್ಳೆಯ ದಾರಿ. ಎರಡೂ ಪ್ರೋಥ್ರಾಂಬಿನನ್ನು ನೇರವಾಗಿ ಎಬ್ಬಿಸುತ್ತವೆ. ತೈಪಾನ್ ವಿಷಕ್ಕೆ ಫಾಸ್ಫೋಲಿಪಿಡ್ ಬೇಕು, ಎಕಾರಿನ್‌ಗೆ ಬೇಡ. ಹಾಗಾಗಿ ಮೊದಲನೆಯದು ಸ್ಕ್ರೀನ್, ಎರಡನೆಯದು ಕನ್ಫರ್ಮ್. ಫ್ಯಾಕ್ಟರ್ 10ರ ಮೆಟ್ಟಿಲನ್ನು ದಾಟಿ ಹೋಗುವುದರಿಂದ ರಿವರೋಕ್ಸಬಾನ್, ಅಪಿಕ್ಸಬಾನ್ ಇವಕ್ಕೆ ಅಡ್ಡಿಯಲ್ಲ. ಡಾಬಿಗಾಟ್ರಾನ್ ಮಾತ್ರ ಅಡ್ಡಿ.

ರಿವರೋಕ್ಸಬಾನ್ ಗುಂಪಿನ ಔಷಧಗಳನ್ನು ಪ್ಲಾಸ್ಮಾದಿಂದ ಹೀರಿ ತೆಗೆಯಲು ಸಕ್ರಿಯ ಇದ್ದಿಲು ಆಧಾರಿತ ಉತ್ಪನ್ನಗಳು ಸಿಗುತ್ತವೆ. ತಯಾರಕರು ಹೇಳಿದಷ್ಟೇ ಹಾಕಿ, ಬೆರೆಸಿ, ಚೆನ್ನಾಗಿ ಸೆಂಟ್ರಿಫ್ಯೂಜ್ ಮಾಡಿ. ಇದ್ದಿಲಿನ ಕಣ ಉಳಿದರೆ ಯಂತ್ರದ ಓದುವಿಕೆಯೇ ಕೆಡುತ್ತದೆ. ಆಮೇಲೆ ಆ್ಯಂಟಿ-10ಎ ಮತ್ತೆ ಅಳೆದು ಔಷಧ ನಿಜಕ್ಕೂ ಹೋಗಿದೆಯೇ ಎಂದು ನೋಡಿ. ಇದ್ದಿಲು ಹೆಪಾರಿನನ್ನಾಗಲಿ ವಾರ್ಫರಿನ್‌ನ ಪರಿಣಾಮವನ್ನಾಗಲಿ ತೆಗೆಯುವುದಿಲ್ಲ.

ಹೆಜ್ಜೆ 6: ಷರಾ ಬರೆಯುವುದು

ಬರೀ ಅಂಕಿಗಳ ಸಾಲು ಕಳಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ರಿಪೋರ್ಟಿನಲ್ಲಿ ಇದೆ, ಇಲ್ಲ, ಹೇಳಲಾಗದು ಎಂಬ ಮೂರರಲ್ಲಿ ಒಂದು ಸ್ಪಷ್ಟವಾಗಿರಬೇಕು. "ಹೇಳಲಾಗದು" ಎಂದು ಬರೆಯಲು ಹಿಂಜರಿಕೆ ಬೇಡ, ಬಲವಂತದ ಪಾಸಿಟಿವ್‌ಗಿಂತ ಅದು ಎಷ್ಟೋ ಮೇಲು. ಮೇಲಿನ ಮೊದಲ ಉದಾಹರಣೆಗೆ ಹೀಗೆ ಬರೆಯಬಹುದು: "ಡಿಆರ್‌ವಿವಿಟಿ ವಿಧಾನದಲ್ಲಿ ಲೂಪಸ್ ಆ್ಯಂಟಿಕೊಯಾಗ್ಯುಲೆಂಟ್ ಪತ್ತೆಯಾಗಿದೆ. ಪಿಟಿ, ಥ್ರಾಂಬಿನ್ ಟೈಮ್ ನಾರ್ಮಲ್. ಔಷಧ ಇಲ್ಲವೆಂದು ತಿಳಿಸಲಾಗಿದೆ. 12 ವಾರ ಕಳೆದ ಮೇಲೆ ಹೊಸ ಸ್ಯಾಂಪಲ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸಿ. ಕಾರ್ಡಿಯೋಲಿಪಿನ್ ಮತ್ತು ಬೀಟಾ-2 ಗ್ಲೈಕೋಪ್ರೋಟೀನ್-1 ಆ್ಯಂಟಿಬಾಡಿಗಳನ್ನೂ ಪರೀಕ್ಷಿಸಿ."

12 ವಾರದ ಅಂತರ ಕಾಟಾಚಾರಕ್ಕಲ್ಲ. ಸೋಂಕಿನ ಬೆನ್ನಲ್ಲೇ ಎಲ್ಎ ತಾತ್ಕಾಲಿಕವಾಗಿ ಕಾಣಿಸಿಕೊಂಡು ಮಾಯವಾಗುವುದುಂಟು, ಮಕ್ಕಳಲ್ಲಂತೂ ಇದು ಸಾಮಾನ್ಯ. ಆ್ಯಂಟಿಫಾಸ್ಫೋಲಿಪಿಡ್ ಸಿಂಡ್ರೋಮ್ (ಇಂಥ ಆ್ಯಂಟಿಬಾಡಿಗಳಿಂದ ಬರುವ ರೋಗ) ಎನ್ನಲು 2006ರ ಸಿಡ್ನಿ ಮಾನದಂಡದ ಪ್ರಕಾರ ಕನಿಷ್ಠ 12 ವಾರದ ಅಂತರದಲ್ಲಿ ಎರಡು ಸಲ ಪಾಸಿಟಿವ್ ಬರಬೇಕು, ಜೊತೆಗೆ ಹೆಪ್ಪು ಅಥವಾ ಗರ್ಭಸಂಬಂಧಿ ತೊಂದರೆಯೂ ಇರಬೇಕು. ರಕ್ತದ ರಿಪೋರ್ಟ್ ಒಂದೇ ರೋಗವಲ್ಲ.

ಮೂರೂ ಪಾಸಿಟಿವ್ ಇರುವವರು, ಅಂದರೆ ಎಲ್ಎ, ಕಾರ್ಡಿಯೋಲಿಪಿನ್, ಬೀಟಾ-2 ಗ್ಲೈಕೋಪ್ರೋಟೀನ್-1 ಎಲ್ಲವೂ ಇರುವವರು ಅತಿ ಹೆಚ್ಚು ಅಪಾಯದ ಗುಂಪು. ಇವರಲ್ಲಿ ರಿವರೋಕ್ಸಬಾನ್ ಮತ್ತು ವಾರ್ಫರಿನ್ ಹೋಲಿಸಿ 2018ರಲ್ಲಿ ಪ್ರಕಟವಾದ ಟ್ರ್ಯಾಪ್ಸ್ ಅಧ್ಯಯನದಲ್ಲಿ ರಿವರೋಕ್ಸಬಾನ್ ಗುಂಪಿನಲ್ಲೇ ಹೆಚ್ಚು ಹೆಪ್ಪಿನ ಘಟನೆಗಳಾಗಿ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಹಾಗಾಗಿ ಮೂರೂ ಪಾಸಿಟಿವ್ ಎಂಬುದನ್ನು ಷರಾದಲ್ಲಿ ಎದ್ದು ಕಾಣುವಂತೆ ಬರೆಯಿರಿ.

ಪಾಸಿಟಿವ್ ಆದ ಮೇಲೆ ಲ್ಯಾಬಿನ ಕೆಲಸ

ಎಲ್ಎ ಇರುವವರಿಗೆ ಹೆಪಾರಿನ್ ಡ್ರಿಪ್ ಹಾಕಿ ಎಪಿಟಿಟಿಯಿಂದ ಡೋಸ್ ಹೊಂದಿಸಲು ಹೋಗಬೇಡಿ. ಎಪಿಟಿಟಿ ಮೊದಲೇ ಉದ್ದವಿರುವುದರಿಂದ ಹೆಪಾರಿನ್ ಸಾಕಷ್ಟು ಸೇರಿದೆಯೆಂಬ ಭ್ರಮೆ ಬರುತ್ತದೆ, ಡೋಸ್ ಕಡಿಮೆಯಾಗುತ್ತದೆ. ಆ್ಯಂಟಿ-10ಎ ಅಳೆಯಿರಿ. ವಾರ್ಫರಿನ್ ಶುರುಮಾಡುವ ಮುನ್ನವೂ ಒಂದು ಪಿಟಿ ಮಾಡಿಡಿ. ಔಷಧ ಇಲ್ಲದಾಗಲೇ ಅದು ಉದ್ದವಿದ್ದರೆ ನಿಮ್ಮ ಪಿಟಿ ರೀಏಜೆಂಟ್ ಆ ರೋಗಿಯ ಎಲ್ಎಗೆ ಸ್ಪಂದಿಸುತ್ತಿದೆ, ಮುಂದೆ ಬರುವ ಐಎನ್ಆರ್‌ಗಳೆಲ್ಲ ಇದ್ದುದಕ್ಕಿಂತ ಹೆಚ್ಚು ತೋರುತ್ತವೆ. ಬೆರಳ ತುದಿಯ ರಕ್ತದಿಂದ ಐಎನ್ಆರ್ ತೋರಿಸುವ ಪುಟ್ಟ ಯಂತ್ರಗಳನ್ನೂ ಇಂಥವರಲ್ಲಿ ರಕ್ತನಾಳದಿಂದ ತೆಗೆದ ಸ್ಯಾಂಪಲ್ ಜೊತೆ ಹೋಲಿಸದೆ ನಂಬುವಂತಿಲ್ಲ. ಅನುಮಾನವಿದ್ದರೆ ಕ್ರೋಮೋಜೆನಿಕ್ ಫ್ಯಾಕ್ಟರ್ 10 (ಬಣ್ಣದ ಬದಲಾವಣೆಯಿಂದ ಫ್ಯಾಕ್ಟರ್ 10 ಅಳೆಯುವ ಪರೀಕ್ಷೆ) ಮಾಡಿಸಿ. ಅದರಲ್ಲಿ ಫಾಸ್ಫೋಲಿಪಿಡ್‌ನ ಪಾತ್ರವೇ ಇಲ್ಲದ್ದರಿಂದ ಎಲ್ಎ ಅಡ್ಡ ಬರುವುದಿಲ್ಲ, ಸುಮಾರು 20ರಿಂದ 40 ಶೇಕಡ ಬಂದರೆ ಐಎನ್ಆರ್ 2ರಿಂದ 3ಕ್ಕೆ ಸಮ.